ಹೊಳೆಪ್ಪನ ಲಾರಿಯೂ ಸುಖನಿವಾಸದ ಸೂರ್ಯಾಸ್ತವೂ

ಗೋಕಾಕದ ಹೊರಗೆ, ಹಳ್ಳದಾಚೆಯ ಎರೆಭೂಮಿಯಲ್ಲಿ ‘ಸುಖನಿವಾಸ ಗೃಹನಿರ್ಮಾಣ ಸಹಕಾರಿ ಸಂಘ’ದ ಮನೆಗಳು ಎದ್ದಾಗ ಊರಿನವರು ಅದನ್ನು ಸುಖನಿವಾಸ ಎಂದು ಕರೆಯಲಿಲ್ಲ, ಸಂಘ ಎಂದೂ ಕರೆಯಲಿಲ್ಲ. ಸೊಸೈಟಿ ಎಂದರು. ಮನೆಗೊಂದು ‘ಸೊಸಿ ಐತಿ’, ಅದಕ್ಕೇ ಸೊಸೈಟಿ ಎಂದು ಅರ್ಥ ಹಚ್ಚಿದವರೂ ಇದ್ದರು. ಸೊಸಿ ‘ಅದಾಳ’ ಅನ್ನಬೇಕಲ್ಲ ಎಂದು ವ್ಯಾಕರಣ ತೆಗೆದವರಿಗೆ, ಅತ್ತೆಯರ ವ್ಯಾಕರಣದಲ್ಲಿ ಸೊಸೆ ನಪುಂಸಕಲಿಂಗವೇ ಎಂಬ ಉತ್ತರ ಸಿಗುತ್ತಿತ್ತು.

ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗ ಮೂರ್ನಾಲ್ಕು ವರ್ಷ ಕಳೆದಿದ್ದವು. ರಾಜ್ಯ ಬದಲಾಗಿತ್ತೇ ಹೊರತು ಮುಂಬಯಿಯ ಮೇಲಿನ ಭಕ್ತಿ ಬದಲಾಗಿರಲಿಲ್ಲ. ಸಂಘಕ್ಕೆ ಬೈಲಾ ಬೇಕೆಂದಾಗ ಸೆಕ್ರೆಟರಿ ಸೋಮಪ್ಪನವರು ಮುಂಬಯಿಯ ಯಾವುದೋ ಸೊಸೈಟಿಯ ಬೈಲಾ ತರಿಸಿ, ತಿಂಗಳೊಪ್ಪತ್ತು ಕೂತು, ಅಕ್ಷರ ಬಿಡದೆ ಕನ್ನಡಕ್ಕೆ ಇಳಿಸಿದರು. ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆಗಿ ನಿವೃತ್ತರಾದ ಮನುಷ್ಯ. ಮೂಲದಲ್ಲಿ ಇದ್ದದ್ದು ನಕಲಿನಲ್ಲಿ ಇರಲೇಬೇಕು. ಹೀಗಾಗಿ ಗೋಕಾಕದ ಸುಖನಿವಾಸದಲ್ಲಿ ಲಿಫ್ಟಿನೊಳಗೆ ನಾಯಿಗಳನ್ನು ಒಯ್ಯುವುದು ನಿಷಿದ್ಧವಾಯಿತು. ಸಮುದ್ರದ ಕಡೆಗಿನ ಕಿಟಕಿಗಳಲ್ಲಿ ಒದ್ದೆ ಬಟ್ಟೆ ಹಾಕುವುದೂ ನಿಷಿದ್ಧವಾಯಿತು. ಸಮುದ್ರದ ಕಡೆ ಯಾವುದೆಂದು ಗೊತ್ತಿಲ್ಲದೆ ಕೆಲವರು ಪಶ್ಚಿಮದ ಕಿಟಕಿಯಿಂದ ಧೋತರ ತೆಗೆದರು. ಸದಸ್ಯರೆಲ್ಲ ಸಹಿ ಮಾಡಿದರು, ಯಾರೂ ಓದಲಿಲ್ಲ. ಬೈಲಾ ಎಂದರೆ ಬೈಯಲಿಕ್ಕೆಂದು ಬರೆದಿಟ್ಟದ್ದು ಎಂದು ವಾಚಮನ್ ಉದ್ದಪ್ಪ ತಿಳಿದಿದ್ದ. ಅವನ ಮಟ್ಟಿಗೆ ಅದು ತಪ್ಪೂ ಅಲ್ಲ.

ಈ ಬೈಲಾಗೆ ಜೀವ ಬಂದದ್ದು ಹೊಳೆಪ್ಪನ ಲಾರಿಯಿಂದ.

ಹೊಳೆಪ್ಪ ಯಮಕನಮರಡಿಯ ಹೊರಗೇರಿಯಲ್ಲಿ ಹುಟ್ಟಿದವನು. ಹೈವೇ ಬದಿಯಲ್ಲಿ ಲಾರಿಗಳನ್ನು ತೊಳೆಯುತ್ತ, ಆಮೇಲೆ ನಡೆಸುತ್ತ, ಕಡೆಗೆ ಬೆಳಗಾವಿಯಲ್ಲಿ ಮಿಲಿಟರಿಯವರು ಹರಾಜಿಗಿಟ್ಟ ಹಳೆಯ ಲಾರಿಯೊಂದನ್ನು ಹಿಡಿದು ಸ್ವಂತದ ಮಾಲಿಕನಾಗಿದ್ದ. ಸರಕಾರದಿಂದ ಜಾಗ ಪಡೆಯುವಾಗ ಎಲ್ಲ ಜನಾಂಗದವರಿಗೂ ಪ್ಲಾಟು ಕೊಡುತ್ತೇವೆಂದು ಸಂಘ ಬರೆದುಕೊಟ್ಟಿತ್ತು. ಬರೆದುಕೊಟ್ಟದ್ದನ್ನು ಯಾರೂ ಬಂದು ಕೇಳಲಾರರು ಎಂಬುದು ಸಂಘದ ನಂಬಿಕೆ. ಹೊಳೆಪ್ಪ ಬಂದು ಕೇಳಿದ. ಓಣಿಯ ಕೊಟ್ಟಕೊನೆಯ ಪ್ಲಾಟು ಕೊಟ್ಟರು. ಅವನು ಅಲ್ಲಿ ಹೆಂಚಿನ ಮನೆ ಕಟ್ಟಿಸಿದ. ಅವನ ಹೆಂಡತಿ ಸಾವಂತ್ರೆವ್ವ ಬಾಗಿಲಿಗೆ ಹಸಿರು ಬಣ್ಣ ತಾನೇ ಬಳಿದಳು, ಅರ್ಧ ಸೀರೆಗೂ ಬಳಿದುಕೊಂಡಳು.

ಲಾರಿಗೆ ಮೂಗು ಉದ್ದ, ಬ್ಯಾಟರಿ ಅರೆಜೀವ. ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುವಿದರೆ ಮೊದಲು ಕುಲಕರ್ಣಿಯ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಿತ್ತು, ನಂತರ ಪೈಲವಾನನ ಹಾಗೆ ಹೂಂಕರಿಸುತ್ತಿತ್ತು, ಆಮೇಲೆ ಏಕಾದಶಿಯ ಭಜನೆಯವರ ಹಾಗೆ ಒಂದೇ ತಾಳಕ್ಕೆ ಬೀಳುತ್ತಿತ್ತು. ಈ ಮೂರೂ ನಡೆಯುವುದು ಬೆಳಗಿನ ಜಾವ, ಸೋಮಪ್ಪನವರ ಮನೆಯ ಮುಂದಿನಿಂದ ಹಾಯ್ದು. ಒಂದು ವಾರದಲ್ಲಿ ಸೋಮಪ್ಪನವರು ಬೈಲಾ ತೆಗೆದರು, ಹುಡುಕಿದರು, ಸಿಕ್ಕಿತು. ಹೊಳೆಪ್ಪ ಹುಕ್ಕೇರಿಗೆ ಲೋಡು ಒಯ್ದಿದ್ದ ದಿನ ಸಭೆ ಕೂಡಿಸಿ ಓದಿದರು. ಅವರಿಗೊಂದು ರೂಢಿಯಿತ್ತು: ಪ್ರತಿ ಕಲಮಿಗೂ ಮೊದಲು ಒಂದು ಸಣ್ಣ ಕೆಮ್ಮು. ಕೆಮ್ಮಿಲ್ಲದ ಮಾತು ಮನೆಯ ಮಾತು, ಕೆಮ್ಮಿದ್ದರೆ ಕಾನೂನು.

‘ಮೋಟಾರು ಕಾರಿಗಿಂತ ದೊಡ್ಡದಾದ ಯಾವುದೇ ವಾಹನವು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಆವಾರದೊಳಗೆ ಬರತಕ್ಕದ್ದಲ್ಲ, ನಿಲ್ಲತಕ್ಕದ್ದಲ್ಲ.’

ಇದು ಒಬ್ಬನಿಗಾಗಿಯೇ ತೆಗೆದ ಕಲಮು ಎಂದು ನಾಳೆ ಯಾರೂ ಅನ್ನಬಾರದಲ್ಲ. ಅದಕ್ಕೆ ಸೋಮಪ್ಪನವರು ಮತ್ತೊಮ್ಮೆ ಕೆಮ್ಮಿ ತಮ್ಮದೊಂದು ಬಾಲ ಸೇರಿಸಿದರು: ‘ಈ ಬಾಬತ್ತಿನಲ್ಲಿ ಬಂಧುಬಳಗ, ಪರಿಚಯ, ಶಿಫಾರಸು ಯಾವುದೂ ನಡೆಯತಕ್ಕದ್ದಲ್ಲ.’ ಸಭೆ ತಲೆದೂಗಿತು. ಕಾರು ಯಾರ ಹತ್ತಿರವೂ ಇರಲಿಲ್ಲವಾದ್ದರಿಂದ ಅದಕ್ಕಿಂತ ದೊಡ್ಡದು, ಸಣ್ಣದು ಎಂಬ ಲೆಕ್ಕಕ್ಕೆ ಯಾರೂ ಹೋಗಲಿಲ್ಲ.

ಓಣಿಯ ಬಾಯಿಗೆ ಅಡ್ಡಲಾಗಿ ಒಂದು ಬೊಂಬು ಬಿತ್ತು. ಅದನ್ನು ಎತ್ತಿ ಇಳಿಸಲು ಉದ್ದಪ್ಪ. ಮೊದಲ ಸಂಜೆಯೇ ಅವನು ಹೊಳೆಪ್ಪನನ್ನು ನೋಡಿ ಅಭ್ಯಾಸಬಲದಿಂದ ಬೊಂಬು ಎತ್ತಿಬಿಟ್ಟ. ಸೋಮಪ್ಪನವರು ಅವನನ್ನು ನಿಲ್ಲಿಸಿಕೊಂಡು ಕಲಮನ್ನು ಬಾಯಿಪಾಠ ಮಾಡಿಸಿದರು; ಇನ್ನೊಮ್ಮೆ ತಪ್ಪಿದರೆ ಕೆಲಸ ಹೋಯಿತೆಂದೇ ತಿಳಿ ಎಂದರು. ಉದ್ದಪ್ಪನಿಗೆ ಅಕ್ಷರ ಬಾರದು, ಕಿವಿ ಮಾತ್ರ ಬಲು ಚುರುಕು. ಕೇಳಿದ್ದನ್ನು ಕೇಳಿದ ಹಾಗೆಯೇ ಕಲಿತ: ಸೋಮಪ್ಪನವರ ಕೆಮ್ಮು, ಸೋಮಪ್ಪನವರ ಮೂಗು, ‘ತಕ್ಕದ್ದಲ್ಲ’ದ ಕೊನೆಗೆ ಅವರು ಒತ್ತುವ ಒತ್ತು, ಎಲ್ಲವೂ ಬಂತು. ಕಣ್ಣು ಮುಚ್ಚಿ ಕೇಳಿದರೆ ಸ್ವತಃ ಸೋಮಪ್ಪನವರ ಹೆಂಡತಿಯೂ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಳ್ಳಬೇಕು, ಹಾಗೆ.

ಹೊಳೆಪ್ಪ ಜಗಳಗಂಟನಲ್ಲ. ಹೊರಗೆ ಅಂದರೆ ಹೊರಗೆ, ಎಲ್ಲಿ ನಿಲ್ಲಿಸಲಿ ಎಂದು ಕೇಳಿದ. ಹೊರಗೆ ಎಡಕ್ಕೆ ತಗ್ಗು, ಬಲಕ್ಕೆ ತಗ್ಗು, ಮಳೆ ಬಿದ್ದರೆ ಆನೆಯೂ ಹೂತುಹೋಗುವ ಕರಿಮಣ್ಣು. ಗಟ್ಟಿ ನೆಲವೆಂದರೆ ಹಳ್ಳದ ಮೋರಿಗೂ ಬೊಂಬಿಗೂ ನಡುವಿನ ರಸ್ತೆಯಷ್ಟೆ. ಅಲ್ಲಿ, ಬೊಂಬಿಗೆ ಮೂಗು ತಾಗಿಸಿ ನಿಲ್ಲಿಸತೊಡಗಿದ. ಬಾಜೂಕ್ಕೆ ಒಂದು ಸೈಕಲ್ಲು, ಒಬ್ಬ ಮನುಷ್ಯ ಹಾಯುವಷ್ಟು ದಾರಿ ಉಳಿಯಿತು. ನಿಯಮದಂತೆ ಲಾರಿ ಹೊರಗಿದೆ, ಯಾರೂ ಏನೂ ಅನ್ನುವ ಹಾಗಿಲ್ಲ.

ಮೊದಲ ವಾರ ಹೇರಿಗೆ ಹೊದಿಸುವ ತಾಡಪತ್ರಿ ಕಳುವಾಯಿತು. ಎರಡನೆಯ ವಾರ ಹಾರ್ನಿನ ರಬ್ಬರ್ ಗುಬ್ಬಿ ಹೋಯಿತು. ಆಮೇಲೆ ಹೊಳೆಪ್ಪ ಕ್ಯಾಬಿನ್ನಿನಲ್ಲೇ ಮಲಗತೊಡಗಿದ. ಸಾವಂತ್ರೆವ್ವ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ ಹಿಡಿದುಕೊಂಡು ಓಣಿಯುದ್ದಕ್ಕೂ ನಡೆದು ಬೊಂಬಿನ ಹತ್ತಿರ ಬರಬೇಕು, ಗಂಡ ಉಂಡ ಮೇಲೆ ಬರಿದಾದ ಬುಟ್ಟಿ ಹಿಡಿದು ಮರಳಿ ನಡೆಯಬೇಕು. ಕಟ್ಟಿಗಳ ಮೇಲೆ ಕೂತ ಸೊಸೈಟಿಯ ಹೆಂಗಸರು ಮಾತು ನಿಲ್ಲಿಸಿ ನೋಡುತ್ತಿದ್ದರು. ಇವಳು ಹಾಯ್ದ ಮೇಲೆ ಮಾತು ಮತ್ತೆ ಸುರು ಆಗುತ್ತಿತ್ತು. ಒಂದು ಸಂಜೆ ಅವಳು ಬುಟ್ಟಿಯನ್ನು ಲಾರಿಯ ಮೆಟ್ಟಿಲ ಮೇಲಿಟ್ಟು ತೀರ್ಮಾನ ಹೇಳಿಬಿಟ್ಟಳು.

“ನಮ್ಮಪ್ಪನ ಮನಿ ಊರ ಹೊರಗಿತ್ತು. ಈಗ ನನ್ನ ಮನಿ ಊರೊಳಗ ಬಂತು, ಗಂಡ ಊರ ಹೊರಗ ಉಳದ. ಬನ್ನಿ ಹಬ್ಬದ ತನಕ ನೋಡ್ತೀನ್ರಿ. ಆಮ್ಯಾಲೆ ಈ ಮನಿ ಯಾರಿಗರೆ ಕೊಟ್ಟು ಯಮಕನಮರಡಿಗೆ ಹೋಗೂಣು. ಅಲ್ಲೆ ಲಾರಿನೂ ನೀವೂ ನಾನೂ ಒಂದ ಕಡೆ ಇರ್ತೀವಿ.”

ಹಸಿರು ಬಾಗಿಲಿನ ಮನೆಯನ್ನು ಬಿಡುವುದು ಅವಳಿಗೆ ಸುಲಭವಲ್ಲ ಎಂಬುದು ಹೊಳೆಪ್ಪನಿಗೆ ಗೊತ್ತಿತ್ತು. ಏನಾದರೂ ಮಾಡೋಣ ಎಂದ. ಏನು ಮಾಡಬೇಕೆಂಬುದು ಅವನಿಗೂ ತಿಳಿದಿರಲಿಲ್ಲ.

ಇಷ್ಟರಲ್ಲಿ ಸೋಮಪ್ಪನವರ ಮನೆಯಲ್ಲಿ ಸೊಸೆ ಶಿವವ್ವನಿಗೆ ಕುಬಸದ, ಅಂದರೆ ಸೀಮಂತದ, ದಿನ ಗೊತ್ತಾಯಿತು. ಚೊಚ್ಚಲ ಬಸುರಿ. ತವರು ಕೌಜಲಗಿ, ತವರಿನಲ್ಲಿ ಎತ್ತು, ಎಮ್ಮೆ, ಕಬ್ಬು, ಇವೆಲ್ಲಕ್ಕೂ ಮೇಲಾಗಿ ತಾಯಿ ಕಾಶೆವ್ವ. ಹೋಳಿಗೆ, ಕರ್ಚೀಕಾಯಿ, ಎಳ್ಳು ಹಚ್ಚಿದ ರೊಟ್ಟಿ, ನಾಲ್ಕು ನಮೂನೆ ಚಟ್ನಿಪುಡಿ, ಹೀಗೆ ಬುತ್ತಿ ತುಂಬಿಕೊಂಡು ಅವಳು ಎರಡು ಚಕ್ಕಡಿ ಕಟ್ಟಿಸಿ ನಸುಕಿನಲ್ಲೇ ಹೊರಟಳು. ಮುಂದಿನ ಚಕ್ಕಡಿ ಹೊಡೆದವನು ಅವಳ ಮೈದುನ ಮುರಿಗೆಪ್ಪ. ಕೌಜಲಗಿಯಿಂದ ಗೋಕಾಕಕ್ಕೆ ಎತ್ತಿನ ಕಾಲಿನಲ್ಲಿ ಇಡೀ ದಿನದ ಹಾದಿ. ಚಕ್ಕಡಿಗಳು ಮೋರಿ ದಾಟಿ ಸುಖನಿವಾಸದ ಬಾಯಿಗೆ ಬಂದಾಗ ಸೂರ್ಯ ಗುಡ್ಡದ ಹಿಂದೆ ಆಗತಾನೆ ಇಳಿದಿದ್ದ. ಎದುರಿಗೆ ಹೊಳೆಪ್ಪನ ಲಾರಿ ಬೆನ್ನು ತಿರುವಿ ನಿಂತಿತ್ತು. ಅದರಾಚೆ ಬೊಂಬು, ಬೊಂಬಿನ ಹಿಂದೆ ಲಾರಿಯ ಮರೆಯಲ್ಲಿ ಉದ್ದಪ್ಪ.

ಉದ್ದಪ್ಪ ಗಾಲಿಯ ಸದ್ದು ಕೇಳಿ ನೆಟ್ಟಗೆ ನಿಂತ, ಕೆಮ್ಮಿದ.

ಕೆಮ್ಮು ಕೇಳಿ ಕಾಶೆವ್ವನ ಮುಖ ಅರಳಿತು. ಬೀಗರು ತಾವಾಗಿ ಎದುರುಗೊಳ್ಳಲು ಬಂದರಲ್ಲ ಎಂದು ಸೆರಗು ಸರಿಪಡಿಸಿಕೊಂಡಳು. ಆಗ ಲಾರಿಯ ಆಚೆಯಿಂದ ಬೀಗರ ದನಿಯಲ್ಲಿ, ಬೀಗರ ಮೂಗಿನಲ್ಲಿ, ಕಾರಿಗಿಂತ ದೊಡ್ಡದಾದ ಯಾವುದೇ ವಾಹನವು ಬರತಕ್ಕದ್ದಲ್ಲ, ನಿಲ್ಲತಕ್ಕದ್ದಲ್ಲ ಎಂಬುದು ಬಂತು. ಮತ್ತೊಂದು ಕೆಮ್ಮು. ಬಂಧುಬಳಗ ನಡೆಯತಕ್ಕದ್ದಲ್ಲ ಎಂಬುದೂ ಬಂತು.

ಕಾಶೆವ್ವನ ಮುಖ ಇಳಿಯಿತು. ಅವಳು ಮಾತ್ರ ಚಕ್ಕಡಿಯಿಂದ ಇಳಿಯಲಿಲ್ಲ.

“ಮುರಿಗೆಪ್ಪಾ, ಬೀಗರು ಏನೋ ಹೇಳಾಕತ್ತಾರ ನೋಡು. ಮದಿವ್ಯಾಗೂ ಇಷ್ಟ ಮಾತಾಡಿದ್ದಿಲ್ಲ.”

ಮುರಿಗೆಪ್ಪ ಇಳಿದು, ಲಾರಿಯ ಬಾಜೂದಿಂದ ತೂರಿ ಹೋಗಿ ನೋಡಿ ಬಂದು, ಬೀಗರಲ್ಲ, ಯಾವನೋ ಬಡಕಲ ಮನುಷ್ಯ, ಬೀಗರ ದನಿ ಅವನಿಗೆ ಹೇಗೋ ಸಿಕ್ಕಿದೆ ಎಂದು ವರದಿ ಮಾಡಿದ. ದನಿ ಯಾರದಾದರೇನು, ಮಾತು ಯಾರದು ಎಂದು ಕಾಶೆವ್ವ ಕೇಳಿದಳು. ಮಾತು ಸೆಕ್ರೆಟರಿ ಸಾಹೇಬರದೇ ಎಂದು ಉದ್ದಪ್ಪ ಆಚೆಯಿಂದಲೇ, ಈಗ ತನ್ನ ಸ್ವಂತ ದನಿಯಲ್ಲಿ, ಖಾತ್ರಿ ಕೊಟ್ಟ.

ಸುದ್ದಿ ಒಳಗೆ ಮುಟ್ಟಿತು. ಸೋಮಪ್ಪನವರು ಒಂದು ಕಾಲಿಗೆ ಒಂದು ಬಗೆಯ ಚಪ್ಪಲಿ, ಇನ್ನೊಂದು ಕಾಲಿಗೆ ಇನ್ನೊಂದು ಬಗೆಯದನ್ನು ಸಿಕ್ಕಿಸಿಕೊಂಡು ಓಡಿಬಂದರು. ಅವರ ಹಿಂದೆ ಸೊಸೈಟಿಯ ಗಂಡಸರೂ ಬಂದರು. ಕೆಲವರನ್ನು ಗದ್ದಲ ಕರೆತಂದಿತ್ತು, ಕೆಲವರನ್ನು ಹೋಳಿಗೆಯ ವಾಸನೆ. ಸೋಮಪ್ಪನವರು ನಕ್ಕರು, ಕೈಮುಗಿದರು, ಹಾದಿಯ ಆಯಾಸ ಕೇಳಿದರು, ಆಮೇಲೆ ನಯವಾಗಿ ಒಂದು ದಾರಿ ಸೂಚಿಸಿದರು: ಇಲ್ಲಿಂದ ಮನೆಗೆ ನಾಲ್ಕು ಹೆಜ್ಜೆ, ಬುಟ್ಟಿಗಳನ್ನು ಹೆಣ್ಣುಮಕ್ಕಳು ತಲೆಯ ಮೇಲೆ ತಂದರೆ ಆಯಿತಲ್ಲ?

“ತಲಿ ಮ್ಯಾಲೆ ಹೊತಗೊಂಡು ಬರಾಕ ನಾ ಸಂತಿಗೆ ಬಂದೀನೇನ್ರಿ ಬೀಗರ?” ಎಂದಳು ಕಾಶೆವ್ವ. “ಬುತ್ತಿ ಚಕ್ಕಡಿ ಮಗಳ ಬಾಗಲಕ್ಕ ನಿಂದ್ರಬೇಕು. ನೀವು ಗಾಲಿಗೆ ನೀರ ಹಾಕಬೇಕು. ಆಮ್ಯಾಲೆ ಬುಟ್ಟಿ ಇಳಿಯೂದು. ನಮ್ಮತ್ತಿ ಹಂಗ ತಂದಿದ್ರು, ನಾನೂ ಹಂಗ ತಂದೇನಿ.”

ಸೋಮಪ್ಪನವರು ಬೆವರು ಒರೆಸಿಕೊಂಡರು. ಬೀಗರ ಮುಂದೆ ಬೊಂಬು ಎತ್ತಬೇಕೆಂದರೆ ಸೊಸೈಟಿಯ ಮುಂದೆ ತಲೆ ತಗ್ಗಿಸಬೇಕು. ಉದ್ದಪ್ಪನ ಕಡೆ ನೋಡಿದರು. ಉದ್ದಪ್ಪ ಇದು ತನ್ನ ಕೆಲಸದ ಪರೀಕ್ಷೆ ಎಂದು ತಿಳಿದು ಬೊಂಬನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದ. ಆಗ ಕನ್ನಡ ಸಾಲಿಯ ಹೆಡ್‌ಮಾಸ್ತರ ಅಪ್ಪಣ್ಣ ಬಾಯಿ ಹಾಕಿದರು. ಸುಗ್ಗಿ ಆದ ಮೇಲೆ ಅವರ ಮನೆಗೂ ಮಸಗುಪ್ಪಿಯಿಂದ ಜೋಳದ ಚಕ್ಕಡಿ ಬರುವುದಿತ್ತು. ಅದು ಕಾರಿಗಿಂತ ದೊಡ್ಡದು ಎಂಬ ಸಂಗತಿ ಅವರಿಗೆ ಹೊಳೆದದ್ದು ಈಗಲೇ. ಸುತ್ತಲಿನವರಿಗೂ ತಮ್ಮ ತಮ್ಮ ಹಳ್ಳಿಯ ಜೋಳ, ಹೊಟ್ಟು, ಕುಳ್ಳು ಒಂದೊಂದಾಗಿ ನೆನಪಾಗತೊಡಗಿದವು.

“ಸೋಮಪ್ಪಣ್ಣಾರ, ಚಕ್ಕಡಿ ಬಿಟ್ಟರ ಲಾರಿನೂ ಬಿಡಬೇಕಾಕೈತಲ್ರಿ?”

“ಅದು ಬ್ಯಾರೆ, ಇದು ಬ್ಯಾರೆ,” ಎಂದರು ಸೋಮಪ್ಪನವರು, ಕೆಮ್ಮಲು ಮರೆತು.

“ಏನ್ ಬ್ಯಾರೆ?” ಕಾಶೆವ್ವ ಚಕ್ಕಡಿಯ ಮೇಲಿಂದಲೇ ಕೇಳಿದಳು. “ಅದಕ್ಕೂ ಗಾಲಿ ಅದಾವು, ಇದಕ್ಕೂ ಗಾಲಿ ಅದಾವು. ಅದು ಸೆಗಣಿ ಹಾಕೂದಿಲ್ಲ, ನನ್ನ ಎತ್ತ ಹಾಕ್ತಾವು. ಅಷ್ಟ ಬ್ಯಾರೆ. ಬೀಗರ, ಚಕ್ಕಡಿ ಒಳಗ ಬರಾಂಗಿಲ್ಲಂದ್ರ ಮಗಳನ್ನ ಇಲ್ಲಿಗೇ ಕಳಸ್ರಿ. ಇಲ್ಲೆ ಹಳ್ಳದ ದಂಡಿಗೆ ಕುಬಸಾ ಮಾಡಿ, ಇಲ್ಲಿಂದಲೇ ಕರಕೊಂಡು ಹೋಗ್ತೀನಿ.”

ಹಳ್ಳದ ದಂಡೆಯ ಕುಬಸ ಕೌಜಲಗಿಯಲ್ಲಿ ಎಷ್ಟು ವರ್ಷ ಮಾತಾಗಿ ಉಳಿದೀತೆಂಬುದು ಸೋಮಪ್ಪನವರಿಗೆ ಕಣ್ಣಿಗೆ ಕಟ್ಟಿತು. ಬೊಂಬು ಎತ್ತೆಂದರು. ಉದ್ದಪ್ಪ ನಂಬಲಿಲ್ಲ. ಎರಡನೆಯ ಸಲ ಕೆಮ್ಮಿ ಹೇಳಿದಾಗ ಎತ್ತಿದ.

ಬೊಂಬು ಮೇಲೆ ಹೋಯಿತು. ಏನೂ ಬದಲಾಗಲಿಲ್ಲ. ಲಾರಿ ನಿಂತೇ ಇತ್ತು.

ಚಕ್ಕಡಿಯನ್ನು ಹಿಂದೆ ಸರಿಸಿದರೆ ಲಾರಿಯನ್ನು ಹೊರಗೆ ತೆಗೆಯಬಹುದೆಂದು ಯಾರೋ ಅಂದರು. ಎತ್ತು ಮುಂದೆ ಹೋಗುವುದನ್ನು ಕಲಿತಿರುತ್ತವೆ, ಹೇರು ಹೊತ್ತು ಹಿಂದೆ ಹೋಗುವುದನ್ನು ಕಲಿತಿರುವುದಿಲ್ಲ ಎಂದು ಮುರಿಗೆಪ್ಪ ಹೇಳಿದ. ಹಿಂದೆ ಇನ್ನೊಂದು ಚಕ್ಕಡಿ ಮೋರಿಯ ಮೇಲೆಯೇ ನಿಂತಿತ್ತು. ಇಷ್ಟು ಹೊತ್ತು ಕ್ಯಾಬಿನ್ನಿನಲ್ಲಿ ಮಲಗಿ ಎಲ್ಲವನ್ನೂ ಕೇಳುತ್ತಿದ್ದ ಹೊಳೆಪ್ಪ ಇಳಿದು ಬಂದು ಒಂದು ಬದಿಗೆ ನಿಂತ. ಸೋಮಪ್ಪನವರು ಅವನೊಂದಿಗೆ ಈವರೆಗೆ ಮಾತಾಡಿದ್ದೆಲ್ಲ ಉದ್ದಪ್ಪನ ಮೂಲಕ. ಈಗ ಉದ್ದಪ್ಪನ ಕೈಯಲ್ಲಿ ಬೊಂಬಿತ್ತು.

“ಹೊಳೆಪ್ಪಾ, ಲಾರಿ ಸ್ವಲ್ಪ ಸರಸು.”

“ಎತ್ತಾಗ್ರಿ ಸಾಹೇಬ್ರ?”

ಸೋಮಪ್ಪನವರು ಎಡಕ್ಕೆ ನೋಡಿದರು, ತಗ್ಗು. ಬಲಕ್ಕೆ ನೋಡಿದರು, ತಗ್ಗು. ಹಿಂದೆ ನೋಡಿದರೆ ಕಾಶೆವ್ವ.

“ಮುಂದ.”

“ಮುಂದ ಅಂದ್ರ ಒಳಗಾತಲ್ರಿ.”

“ನಾ ಮುಂದ ಅಂದೀನಿ. ಒಳಗ ಅಂದಿಲ್ಲ.”

ಹೊಳೆಪ್ಪ ಏನಾದರೂ ಕೇಳುವುದಿದ್ದರೆ ಇದೇ ಹೊತ್ತು. ಇನ್ನು ಮುಂದೆ ಲಾರಿ ನನ್ನ ಮನೆಯ ಮುಂದೆ ನಿಲ್ಲಬೇಕು, ಆಗಷ್ಟೇ ಹ್ಯಾಂಡಲ್ ಹೊಡೆಯುತ್ತೇನೆ ಎಂದಿದ್ದರೆ ಸೋಮಪ್ಪನವರು ಬೈಲಾವನ್ನೇ ಹಳ್ಳಕ್ಕೆ ಎಸೆಯುತ್ತಿದ್ದರು. ಅವನು ಚಕ್ಕಡಿಯ ಕಡೆ ನೋಡಿದ, ಬಸುರಿಯ ಬುತ್ತಿ ಎಂದುಕೊಂಡ, ಹ್ಯಾಂಡಲ್ ತೆಗೆದ.

ಲಾರಿ ಕುಲಕರ್ಣಿಯಾಯಿತು, ಪೈಲವಾನನಾಯಿತು, ಭಜನೆ ಸುರುಮಾಡಿತು. ಬೊಂಬಿನ ಒಳಗೆ ಹೋಗಿ ನಿಂತಿತು. ಇಷ್ಟು ಸಾಕೇ ಎಂದು ಹೊಳೆಪ್ಪ ಕೇಳಿದ. ಸಾಲದು, ಓಣಿ ಲಾರಿಯಷ್ಟೇ ಅಗಲ. ಇನ್ನಷ್ಟು ಮುಂದೆ ಎಂದರು ಸೋಮಪ್ಪನವರು. ಎರಡು ಮನೆ ದಾಟಿತು. ಸೈಟಿನ ಅಳತೆ ಮೀರಿ ರಸ್ತೆಗೆ ಚಾಚಿದ ಕಟ್ಟಿಗಳನ್ನು ಎಲ್ಲರೂ ಇವತ್ತೇ ಮೊದಲ ಸಲ ಕಂಡವರ ಹಾಗೆ ನೋಡಿದರು. ಇನ್ನಷ್ಟು ಮುಂದೆ. ಸೋಮಪ್ಪನವರ ಮನೆ ಬಂತು. ಅಲ್ಲಿ ಚಕ್ಕಡಿ ನಿಲ್ಲಬೇಕು, ಆದ್ದರಿಂದ ಇನ್ನೂ ಮುಂದೆ. ಮುಂದೆ ಮುಂದೆ ಎನ್ನುತ್ತ ಸೆಕ್ರೆಟರಿಯೇ ಲಾರಿಯ ಮುಂದೆ ಹಿಮ್ಮೊಗವಾಗಿ, ಕೈ ಬೀಸುತ್ತ, ಎರಡು ಜಾತಿಯ ಚಪ್ಪಲಿಯಲ್ಲಿ ನಡೆದರು. ಲಾರಿಯ ಹಿಂದೆ ಚಕ್ಕಡಿ, ಚಕ್ಕಡಿಯ ಮೇಲೆ ಕಾಶೆವ್ವ, ಅವಳ ಹಿಂದೆ ಇಡೀ ಸೊಸೈಟಿ. ಕೊನೆಗೆ ಹಾದಿ ಅಗಲವಾದದ್ದು ಹಸಿರು ಬಾಗಿಲಿನ ಮುಂದೆ. ಅಲ್ಲಿ ಲಾರಿ ನಿಂತಿತು. ಸಾವಂತ್ರೆವ್ವ ಸೌಟು ಹಿಡಿದು ಹೊರಗೆ ಬಂದವಳು, ಲಾರಿಯನ್ನು ನೋಡಿ, ಸೋಮಪ್ಪನವರನ್ನು ನೋಡಿ, ಮತ್ತೆ ಲಾರಿಯನ್ನು ನೋಡಿದಳು.

ಗಾಲಿಗೆ ನೀರು ಬಿತ್ತು, ಬುಟ್ಟಿ ಇಳಿದವು, ಶಿವವ್ವ ಅತ್ತಳು, ಕಾಶೆವ್ವ ಅತ್ತಳು. ಕೊಳ್ಳ ಹರಿದು ನೊಗದಿಂದ ಬಿಟ್ಟ ಮೇಲೆ ಎತ್ತು ಕಟ್ಟುವುದೆಲ್ಲಿ ಎಂಬ ಪ್ರಶ್ನೆ ಬಂತು. ಸುಖನಿವಾಸದಲ್ಲಿ ಗೂಟ ಹುಗಿಯುವುದಕ್ಕೂ ಒಂದು ಕಲಮು ಅಡ್ಡವಿತ್ತು. ಮುರಿಗೆಪ್ಪ ನಾಲ್ಕೂ ಎತ್ತುಗಳನ್ನು ಹೊಡೆದುಕೊಂಡು ಹೋಗಿ ಲಾರಿಯ ಹಿಂದಿನ ಕೊಂಡಿಗೆ ಕಟ್ಟಿ, ಹಲಗೆ ಇಳಿಸಿ ಅದರ ಮೇಲೆ ಹೊಟ್ಟು ಸುರಿದ. ಮಿಲಿಟರಿಯವರು ಹತ್ತು ವರ್ಷ ಏನೆಲ್ಲ ಹೇರಿದ್ದರೋ, ಗ್ವಾದಲಿಯಾಗಿ ಲಾರಿ ಇಷ್ಟು ಶೋಭಿಸಿದ್ದು ಇದೇ ಮೊದಲು.

ತನ್ನ ಎತ್ತಿನ ಹೊಣೆ ಬೇರೆಯವರಿಗೆ ಬಿಟ್ಟು ಕಾಶೆವ್ವನಿಗೆ ಗೊತ್ತಿಲ್ಲ. ನೋಡಲು ಬಂದಳು, ಸಾವಂತ್ರೆವ್ವನ ಕೊಡದಿಂದ ಎತ್ತಿಗೆ ನೀರು ಕುಡಿಸಿದಳು, ಆಮೇಲೆ ಹಸಿರು ಬಾಗಿಲಿನ ಕಟ್ಟಿಯ ಮೇಲೆ ಕೂತು, “ನನಗೂ ಒಂದು ತಂಬಿಗಿ ಕೊಡ ತಂಗಿ, ಬೆಳಗಿಂದ ಹಾದಿ ಧೂಳ ಕುಡದೇನಿ,” ಎಂದಳು. ಸಾವಂತ್ರೆವ್ವ ಒಳಗೆ ಹೋಗಲಿಲ್ಲ, ತಾವು ಯಾವ ಕೇರಿಯವರೆಂಬುದನ್ನು ನಿಂತಲ್ಲೇ ಹೇಳಿದಳು. ಮುಂದೆ ಯಾರಾದರೂ ತನಗೆ ಗೊತ್ತಿರಲಿಲ್ಲ ಅನ್ನಬಾರದು. ಕಾಶೆವ್ವ ಅದನ್ನೆಲ್ಲ ಕೇಳಿ, ನಾನು ಕೇಳಿದ್ದು ನೀರು ಎಂದಳು. ತಂಬಿಗೆ ಬಂತು. ಗಟಗಟ ಕುಡಿದಳು. ಓಣಿಯ ಕಟ್ಟಿಗಳ ಮೇಲೆ ಮಾತು ನಿಂತಿತ್ತು. ಮರುದಿನ ಬುತ್ತಿ ಬೀರುವಾಗ ಹೋಳಿಗೆಯ ಮೊದಲ ಪಾಲು ಎತ್ತಿಗೆ ಜಾಗ ಕೊಟ್ಟ ಮನೆಗೆ ಹೋಗಬೇಕೆಂದು ಅವಳೇ ಹಟ ಹಿಡಿದು ಕಳಿಸಿದಳು. ಸೋಮಪ್ಪನವರು ಆ ಹೊತ್ತು ಪೇಪರು ಓದುತ್ತಿದ್ದರು, ತಲೆಕೆಳಗಾಗಿ ಹಿಡಿದು.

ಇತ್ತ ಸಾವಂತ್ರೆವ್ವ ಗಂಡನನ್ನು ಬಿಡಲಿಲ್ಲ. ಕೈಯೊಳಗಿನ ಹೊತ್ತನ್ನು ಕಳೆದಿರಿ, ಒಂದು ಮಾತು ಕೇಳಬೇಕಿತ್ತು, ಬೀಗತಿ ಹೋದ ಮೇಲೆ ಮತ್ತೆ ಬೊಂಬಿನ ಆಚೆ ಹೋಗುತ್ತೇವೆ, ನೋಡುತ್ತಿರಿ ಎಂದಳು. ಹೊಳೆಪ್ಪನಿಗೂ ಅದೇ ಭಯ. ಕುಬಸ ಮುಗಿಯಿತು. ಮಗಳನ್ನು ಕರೆದೊಯ್ಯಲು ಒಳ್ಳೆಯ ದಿನ ಸಿಗದೆ ಕಾಶೆವ್ವ ಉಳಿದಳು. ಅವಳು ಇದ್ದಷ್ಟು ದಿನ ಎತ್ತು ಉಳಿದವು, ಎತ್ತು ಇದ್ದಷ್ಟು ದಿನ ಲಾರಿ ಉಳಿಯಿತು. ಹೊಳೆಪ್ಪ ತನ್ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ, ಕಾಲು ಚಾಚಿ ಮಲಗಿದ. ಕ್ಯಾಬಿನ್ನಿನಲ್ಲಿ ಮುದುಡಿ ಮಲಗಿದ ರೂಢಿ. ಮೊದಲ ಎರಡು ದಿನ ನಿದ್ದೆಯೇ ಬರಲಿಲ್ಲ.

ಕೊನೆಗೆ ಒಂದು ಮುಂಜಾನೆ ಚಕ್ಕಡಿಗಳು ಶಿವವ್ವನನ್ನು ಕೂರಿಸಿಕೊಂಡು ಹೊರಟವು. ಕಾಶೆವ್ವ ಬೀಗರಿಗೆ ನಮಸ್ಕಾರ ಮಾಡಿ, ಕೂಸನ್ನು ಕರೆತರುವಾಗ ಚಕ್ಕಡಿಯ ಕುಲುಕಾಟ ಬೇಡ, ಹೊಳೆಪ್ಪನ ಲಾರಿಯಲ್ಲೇ ಮುಂದೆ ಕೂತು ಬರುತ್ತೇವೆ, ಅವನಿಗೆ ಹೇಳಿ ಆಗಿದೆ ಎಂದಳು. ಸೋಮಪ್ಪನವರು ಹೂಂ ಅಂದರೋ ಉಹೂಂ ಅಂದರೋ ಗಾಲಿಯ ಸದ್ದಿನಲ್ಲಿ ಕೇಳಿಸಲಿಲ್ಲ.

ಈಗ ಲಾರಿ ಒಂಟಿಯಾಗಿ ಮನೆಯ ಮುಂದೆ ಉಳಿಯಿತು. ಹೊಳೆಪ್ಪ ಅದನ್ನು ಹೊರಗೆ ತೆಗೆಯಲು ಹೆದರಿದ. ಒಳಗಿರುವ ತನಕ ಒಳಗಿದೆ. ಒಮ್ಮೆ ಹೊರಗೆ ಹೋಯಿತೆಂದರೆ ಸಂಜೆ ಬೊಂಬಿನ ಮುಂದೆ ನಿಲ್ಲಬೇಕು. ಹುಕ್ಕೇರಿಯ ವ್ಯಾಪಾರಿಗಳು ಹೇಳಿಕಳಿಸಿದರು, ಮೂಡಲಗಿಯವರು ಬಂದು ಕರೆದರು. ಅವನು ಲಾರಿಗೆ ಹುಷಾರಿಲ್ಲ ಎಂದ. ಲಾರಿ ತೊಳೆದ, ಒರೆಸಿದ, ಮತ್ತೆ ತೊಳೆದ. ಕಡೆಗೆ ಸಾವಂತ್ರೆವ್ವನೇ ಹ್ಯಾಂಡಲ್ ತಂದು ಅವನ ಕೈಗೆ ಕೊಟ್ಟಳು. ದುಡಿಯುವ ಲಾರಿಯನ್ನು ಬಾಗಿಲಿಗೆ ತೋರಣದ ಹಾಗೆ ಕಟ್ಟಿಕೊಂಡು ಕೂಡ್ರುವುದಾದರೆ ಅದಕ್ಕೆ ಹೊರಗೇ ಇರುವುದು ಲೇಸು, ಹೋಗಿ ಬರ್ರಿ, ಸಂಜೆ ಏನಾಗುತ್ತದೋ ಆಗಲಿ, ಇವತ್ತೇ ಗೊತ್ತಾಗಲಿ ಎಂದಳು.

ಹೊಳೆಪ್ಪ ಮೂಡಲಗಿಗೆ ಹೋದ. ಉದ್ದಪ್ಪ ಅವನು ಹೋದ ಮೇಲೆ ಬೊಂಬು ಇಳಿಸಲೋ ಬಿಡಲೋ ಎಂದು ಸೋಮಪ್ಪನವರನ್ನು ಕೇಳಿದ. ಅವರು ಬಾಗಿಲು ಮುಚ್ಚಿಕೊಂಡು ಒಳಗೆ ಹೋದರು. ಉದ್ದಪ್ಪ ಇಡೀ ದಿನ ಬೊಂಬನ್ನು ಅರ್ಧಕ್ಕೆ ಎತ್ತಿ, ಯಾವ ಕಡೆಯಿಂದ ಬೈಗುಳ ಬಂದರೂ ಉಳಿದರ್ಧ ಮುಗಿಸಲು ಸಿದ್ಧನಾಗಿ ನಿಂತ.

ಮಸಗುಪ್ಪಿಯ ಹತ್ತಿರ ಲಾರಿ ಪಂಕ್ಚರ್ ಆಯಿತು. ಹೊಳೆಪ್ಪ ಮೋರಿ ದಾಟುವಾಗ ಸೂರ್ಯ ಮುಳುಗಿ ಬಹಳ ಹೊತ್ತಾಗಿತ್ತು. ಆಕಾಶದಲ್ಲಿ ಚುಕ್ಕಿಗಳು ಒಂದೊಂದಾಗಿ ಬಂದು ಕೂತಿದ್ದವು. ಹೆಡ್‌ಲೈಟಿನ ಬೆಳಕಿನಲ್ಲಿ ಬೊಂಬು ಕಂಡಿತು. ಉದ್ದಪ್ಪ ಇರಲಿಲ್ಲ, ಬೊಂಬಿನ ಹಗ್ಗ ಸೋಮಪ್ಪನವರ ಕೈಯಲ್ಲಿತ್ತು. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಹತ್ತಿರ ಬಂದರು, ಲಾರಿಯನ್ನು ನೋಡಿದರು, ಪಶ್ಚಿಮದ ಗುಡ್ಡವನ್ನು ನೋಡಿದರು. ಗುಡ್ಡವೂ ಕಾಣುತ್ತಿರಲಿಲ್ಲ.

“ಹೊತ್ತು ಇನ್ನೂ ಮುಳಗಿಲ್ಲ,” ಎಂದರು. “ಮುಳಗೂದ್ರಾಗ ಲಗೂ ಒಳಗ ತಗೋ.”

ಹೊಳೆಪ್ಪ ತಲೆಯೆತ್ತಿ ಚುಕ್ಕಿಗಳನ್ನು ನೋಡಿದ. ಹೌದ್ರಿ ಸಾಹೇಬ್ರ ಎಂದ. ಹಗಲು ಹೊತ್ತಿನಲ್ಲಿ ದೀಪವೇಕೆ ಎಂದು ಹೆಡ್‌ಲೈಟು ಆರಿಸಿದ. ಬೊಂಬು ಮೇಲೆ ಹೋಯಿತು. ಕಾಡಿಗೆಯಂಥ ಕತ್ತಲೆಯಲ್ಲಿ, ಚಾಚಿದ ಕಟ್ಟಿಗಳ ನಡುವೆ, ಲಾರಿ ಬಸುರಿಯ ಹಾಗೆ ಹೆಜ್ಜೆ ನೋಡುತ್ತ ನಡೆಯಿತು. ಸೋಮಪ್ಪನವರು ಅದರ ಮುಂದೆ ಗೋಡೆ ತಡವುತ್ತ ನಡೆದರು. ಓಣಿಯ ಅರ್ಧಕ್ಕೆ ಬಂದಾಗ ಎದುರಿಗೆ ಒಂದು ಬೆಳಕು ಕಂಡಿತು: ಸಾವಂತ್ರೆವ್ವ ಕಂದೀಲು ಹಿಡಿದು ರಸ್ತೆಯ ನಡುವೆ ನಿಂತಿದ್ದಳು.

ಕಂದೀಲು ಆರಿಸು, ಇನ್ನೂ ಹಗಲಿದೆ ಎಂದು ಸೋಮಪ್ಪನವರು ಮೆಲ್ಲಗೆ ಹೇಳಿದರು. ಸಾವಂತ್ರೆವ್ವ ಆರಿಸಲಿಲ್ಲ. ಇನ್ನಷ್ಟು ಮೇಲೆ ಎತ್ತಿದಳು. ಲಾರಿ ನಿಂತಿತು.

“ಸಾಹೇಬ್ರ, ಇವತ್ತ ಹೊತ್ತ ಮುಳಗಿಲ್ಲಂದ್ರಿ. ನಾಳೆ ಲಗೂ ಮುಳಗಿತಂದ್ರ ನಾವ ಯಾರನ್ನ ಕೇಳೂದ್ರಿ? ಈಗ ಕತ್ತಲಾಗೇತಿ. ಕತ್ತಲಾದ ಮ್ಯಾಲೆ ನಮ್ಮ ಲಾರಿ ನಮ್ಮ ಮನೀ ಮುಂದ ಬರಾಕತ್ತೇತಿ. ಹೌದೋ ಅಲ್ಲೋ, ನೀವ ಹೇಳ್ರಿ.”

ಕಿಟಕಿಗಳಲ್ಲಿ ಮುಖಗಳು ಕಂಡವು. ಅಪ್ಪಣ್ಣ ಮಾಸ್ತರರು ಹೊರಗೆ ಬಂದು ತಮ್ಮ ಕಟ್ಟಿಯ ಮೇಲೆ ನಿಂತರು. ಇಂಜಿನ್ನು ಒಂದೇ ತಾಳದಲ್ಲಿ ಬಡಿಯುತ್ತಿತ್ತು. ಸೋಮಪ್ಪನವರು ಲಾರಿಯ ಉದ್ದ ಮೂಗನ್ನು ನೋಡಿದರು, ಅದಕ್ಕೂ ತಮ್ಮ ಕಂಪೌಂಡಿನ ಗೋಡೆಗೂ ನಡುವೆ ಉಳಿದ ಜಾಗವನ್ನು ನೋಡಿದರು. ಕೈ ತೂರಿಸಿ ಅಳೆದೂ ನೋಡಿದರು.

“ಕತ್ತಲಾಗೇತೆ ತಂಗಿ,” ಎಂದರು. “ಕಂದೀಲ ಸ್ವಲ್ಪ ಈ ಕಡೆ ಹಿಡಿ. ಗ್ವಾಡಿಗೆ ಬಡದೀತು.”

ಸಾವಂತ್ರೆವ್ವ ಪಕ್ಕಕ್ಕೆ ಸರಿದು ಗೋಡೆಯ ಕಡೆಗೆ ಕಂದೀಲು ಹಿಡಿದಳು. ಹೊಳೆಪ್ಪ ಹೆಡ್‌ಲೈಟು ಹಾಕಿದ. ಓಣಿಯ ಕೊನೆಯಲ್ಲಿ ಹಸಿರು ಬಾಗಿಲು ಬೆಳಗಿತು.